ಶಂಕರ್ ನಾಗ್

ಶಂಕರ್ ನಾಗ್ (ನವೆಂಬರ್ 9, 1954 – ಸೆಪ್ಟೆಂಬರ್ 30, 1990) ಕನ್ನಡ ಚಲನಚಿತ್ರರಂಗದ ಹೆಸರಾಂತ ನಟ, ನಿರ್ದೇಶಕ ಹಾಗೂ ರಂಗಕರ್ಮಿ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ 'ಮಾಲ್ಗುಡಿ ಡೇಸ್' ದೂರದರ್ಶನ ಧಾರಾವಾಹಿಯ ನಿರ್ದೇಶಕರಾಗಿ ದೇಶದಾದ್ಯಂತ ಪರಿಚಿತರಾದರು. ಸುಮಾರು ಹನ್ನೆರಡು ವರ್ಷಗಳ ಅವಧಿಯಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. 1980ರಲ್ಲಿ ತೆರೆಕಂಡ 'ಆಟೋ ರಾಜ' ಚಿತ್ರದ ಆಟೋ ಚಾಲಕನ ಪಾತ್ರದಿಂದಾಗಿ ಕರ್ನಾಟಕದ ಆಟೋರಿಕ್ಷಾ ಚಾಲಕರು ಅವರನ್ನು ತಮ್ಮವರೆಂದೇ ಭಾವಿಸುತ್ತಾರೆ. ಅವರು ನಿಧನರಾಗಿ ಮೂರು ದಶಕಗಳು ಕಳೆದ ಮೇಲೂ ಬೆಂಗಳೂರಿನ ಆಟೋಗಳ ಹಿಂಬದಿಯಲ್ಲಿ ಅವರ ಭಾವಚಿತ್ರ ಕಾಣಸಿಗುತ್ತದೆ. ಕಾರು ಕಳ್ಳರ ಕಥೆಯ 'ಮಿಂಚಿನ ಓಟ', ರಸ್ತೆ ಅಪಘಾತವನ್ನೇ ವಸ್ತುವಾಗುಳ್ಳ 'ಆಕ್ಸಿಡೆಂಟ್' ಚಿತ್ರಗಳನ್ನು ನಿರ್ದೇಶಿಸಿದ ಶಂಕರ್ ನಾಗ್, ದಾವಣಗೆರೆಯ ಸಮೀಪದ ಆನಗೋಡಿನಲ್ಲಿ ಸಂಭವಿಸಿದ ಕಾರು ಅಪಘಾತದಲ್ಲಿ ತಮ್ಮ 35ನೆಯ ವಯಸ್ಸಿನಲ್ಲಿ ಮೃತಪಟ್ಟರು.

ಜನನ ಮತ್ತು ಆರಂಭಿಕ ಜೀವನ

ಶಂಕರ್ ನಾಗ್ ಅವರ ಪೂರ್ಣ ಹೆಸರು ಶಂಕರ ನಾಗರಕಟ್ಟೆ. ಅವರು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ, ಕೊಂಕಣಿ ಮಾತೃಭಾಷೆಯ ಕುಟುಂಬದಲ್ಲಿ ಜನಿಸಿದರು. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಖ್ಯಾತ ನಟ ಅನಂತ್ ನಾಗ್ ಇವರ ಅಣ್ಣ. ವಿದ್ಯಾಭ್ಯಾಸದ ಬಳಿಕ ಮುಂಬಯಿಗೆ ತೆರಳಿದ ಶಂಕರ್, ಅಲ್ಲಿನ ರಂಗಭೂಮಿಯತ್ತ ಆಕರ್ಷಿತರಾದರು. ಆ ಕಾಲದ ಮುಂಬಯಿಯಲ್ಲಿ ಮರಾಠಿ ಪ್ರಾಯೋಗಿಕ ರಂಗಭೂಮಿ ಅತ್ಯಂತ ಚುರುಕಾಗಿತ್ತು. ನಟನೆಯ ಜೊತೆಗೆ ನಾಟಕ ರಚನೆ, ಬೆಳಕಿನ ವಿನ್ಯಾಸ, ರಂಗಸಜ್ಜಿಕೆ ಎಲ್ಲದರಲ್ಲೂ ಕೈಯಾಡಿಸುವ ಅಭ್ಯಾಸ ಅವರಿಗೆ ಅಲ್ಲಿಯೇ ಬೆಳೆಯಿತು. ರಂಗಭೂಮಿಯ ಮೂಲಕವೇ ಪರಿಚಯವಾದ ನಟಿ ಅರುಂಧತಿ ಅವರನ್ನು ವಿವಾಹವಾದರು. ದಂಪತಿಗೆ ಕಾವ್ಯ ಎಂಬ ಮಗಳಿದ್ದಾರೆ.

ಪುಣೆಯ ಪ್ಲೇಗ್ ಕಾಲದ ಚಾಫೇಕರ್ ಸಹೋದರರ ಕಥೆಯನ್ನು ಹೇಳುವ '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಶಂಕರ್ ನಾಗ್ ಪಾಲ್ಗೊಂಡಿದ್ದರು. ನಚಿಕೇತ್ ಮತ್ತು ಜಯೂ ಪಟವರ್ಧನ್ ನಿರ್ದೇಶನದ ಈ ಚಿತ್ರ 1979ರಲ್ಲಿ ತಯಾರಾಯಿತು.

ಚಿತ್ರರಂಗ ಪ್ರವೇಶ

ಗಿರೀಶ್ ಕಾರ್ನಾಡ್ ನಿರ್ದೇಶನದ 'ಒಂದಾನೊಂದು ಕಾಲದಲ್ಲಿ' (1978) ಶಂಕರ್ ನಾಗ್ ಅವರ ಮೊದಲ ಕನ್ನಡ ಚಿತ್ರ. ಮಧ್ಯಕಾಲೀನ ಕರ್ನಾಟಕದ ಹಿನ್ನೆಲೆಯ ಈ ಚಿತ್ರದಲ್ಲಿ ಅವರು ಕೂಲಿಗಾಗಿ ಯುದ್ಧ ಮಾಡುವ ಅಲೆಮಾರಿ ಯೋಧನ ಪಾತ್ರ ವಹಿಸಿದರು. ಜಪಾನಿನ ನಿರ್ದೇಶಕ ಅಕಿರ ಕುರೊಸಾವ ಅವರ ಸಮುರಾಯ್ ಚಿತ್ರಗಳ ಪ್ರಭಾವ ಈ ಕೃತಿಯಲ್ಲಿ ಕಾಣುತ್ತದೆ. ಈ ಅಭಿನಯಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರ್ ನಾಗ್ ಅತ್ಯುತ್ತಮ ನಟ ಪ್ರಶಸ್ತಿಗೆ ಪಾತ್ರರಾದರು. ಚಿತ್ರವು ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು.

ಮರುವರ್ಷವೇ 'ಸೀತಾರಾಮು', 'ಪ್ರೀತಿ ಮಾಡು ತಮಾಷೆ ನೋಡು' ಮುಂತಾದ ಜನಪ್ರಿಯ ಮಾದರಿಯ ಚಿತ್ರಗಳು ತೆರೆಕಂಡವು. ಅಲ್ಲಿಂದ ಮುಂದೆ ಅವರ ವೃತ್ತಿಜೀವನ ಎರಡು ಜಾಡುಗಳಲ್ಲಿ ಸಾಗಿತು. ಒಂದೆಡೆ ಹೊಡೆದಾಟ, ಹಾಸ್ಯ, ಪ್ರೇಮಕಥೆಗಳ ವ್ಯಾಪಾರಿ ಚಿತ್ರಗಳು. ಇನ್ನೊಂದೆಡೆ ತಾವೇ ನಿರ್ದೇಶಿಸಿದ, ವಸ್ತುವಿನಲ್ಲಿಯೂ ನಿರೂಪಣೆಯಲ್ಲಿಯೂ ಹೊಸತನವುಳ್ಳ ಚಿತ್ರಗಳು ಮತ್ತು ನಾಟಕಗಳು. ತೆರೆಯ ಮೇಲಿನ ಸಾಹಸ ದೃಶ್ಯಗಳಿಂದಾಗಿ ಅಭಿಮಾನಿಗಳು ಅವರನ್ನು 'ಕರಾಟೆ ಕಿಂಗ್' ಎಂದು ಕರೆದರು.

ಮಿಂಚಿನ ಓಟ

1980ರಲ್ಲಿ ಬಿಡುಗಡೆಯಾದ 'ಮಿಂಚಿನ ಓಟ' ಶಂಕರ್ ನಾಗ್ ನಿರ್ದೇಶನದ ಮೊದಲ ಚಿತ್ರ. ಕಾರುಗಳನ್ನು ಕದ್ದು ಮಾರುವ ಇಬ್ಬರು ಯುವಕರು ಸಿಕ್ಕಿಬಿದ್ದು ಸೆರೆಮನೆ ಸೇರುವುದು, ಅಲ್ಲಿಂದ ತಪ್ಪಿಸಿಕೊಳ್ಳುವುದು ಚಿತ್ರದ ಕಥೆ. ಅನಂತ್ ನಾಗ್, ಶಂಕರ್ ನಾಗ್, ಲೋಕನಾಥ್, ಪ್ರಿಯಾ ತೆಂಡೂಲ್ಕರ್ ಮತ್ತು ರಮೇಶ್ ಭಟ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಚಿತ್ರವು ಕರ್ನಾಟಕ ಸರ್ಕಾರದ ರಾಜ್ಯ ಪ್ರಶಸ್ತಿಗಳನ್ನು ಪಡೆಯಿತು.

ಈ ಚಿತ್ರವನ್ನು ಅರ್ಥಮಾಡಿಕೊಳ್ಳಲು ಅಂದಿನ ಭಾರತದಲ್ಲಿ ಕಾರಿಗಿದ್ದ ಸ್ಥಾನವನ್ನು ನೆನೆಯಬೇಕಾಗುತ್ತದೆ. ಆಗ ರಸ್ತೆಗಳಲ್ಲಿ ಮುಖ್ಯವಾಗಿ ಕಾಣುತ್ತಿದ್ದವು ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್ ಮತ್ತು ಜನರು ಫಿಯಟ್ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರುಗಳು. ಉತ್ಪಾದನೆಗೆ ಸರ್ಕಾರದ ಪರವಾನಗಿಯ ಮಿತಿಯಿದ್ದುದರಿಂದ ಹೊಸ ಕಾರಿಗೆ ಹಣ ಕಟ್ಟಿದವರು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿತ್ತು. ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಹೀಗಾಗಿ ಅಂದಿನ ಚಿತ್ರಗಳಲ್ಲಿ ಕಾರು ಸಾಮಾನ್ಯವಾಗಿ ಶ್ರೀಮಂತರ ಮನೆಯ ಗುರುತಾಗಿ ಬರುತ್ತಿತ್ತು. 'ಮಿಂಚಿನ ಓಟ'ದಲ್ಲಿ ಕಾರು ದೊರೆಯುವುದು ಅದನ್ನು ಎಂದಿಗೂ ಕೊಳ್ಳಲಾರದವರ ಕೈಗೆ. ಅವರಿಗೆ ಅದು ಪ್ರತಿಷ್ಠೆಯ ವಸ್ತುವಲ್ಲ, ಹೊಟ್ಟೆಪಾಡಿನ ದಾರಿ. ವೇಗ, ಬೆನ್ನಟ್ಟುವಿಕೆ ಮತ್ತು ತಪ್ಪಿಸಿಕೊಳ್ಳುವ ರೋಚಕತೆ ಚಿತ್ರದಲ್ಲಿದ್ದರೂ, ಕಳ್ಳರ ಸ್ನೇಹ ಮತ್ತು ಅವರ ಅಸಹಾಯಕತೆಗೆ ನಿರ್ದೇಶಕರು ಹೆಚ್ಚಿನ ಗಮನ ಕೊಟ್ಟಿದ್ದಾರೆ.

ಆಟೋ ರಾಜ

ಅದೇ ವರ್ಷ ತೆರೆಕಂಡ 'ಆಟೋ ರಾಜ' ಚಿತ್ರವನ್ನು ವಿಜಯ್ ನಿರ್ದೇಶಿಸಿದರು. ಗಾಯತ್ರಿ ನಾಯಕಿ. ರಾಜನ್–ನಾಗೇಂದ್ರ ಸಂಗೀತದ ಹಾಡುಗಳು ಬಹು ಜನಪ್ರಿಯವಾದವು. ಪ್ರಾಮಾಣಿಕನೂ ಸ್ವಾಭಿಮಾನಿಯೂ ಆದ ಆಟೋ ಚಾಲಕ ರಾಜನ ಪಾತ್ರದಲ್ಲಿ ಶಂಕರ್ ನಾಗ್ ನಟಿಸಿದರು. ಚಿತ್ರದ ಯಶಸ್ಸು ಅವರನ್ನು ಜನಪ್ರಿಯ ನಾಯಕನಟರ ಸಾಲಿಗೆ ಸೇರಿಸಿತು.

ಚಿತ್ರ ಬಂದ ಕಾಲವೂ ಗಮನಾರ್ಹ. ಜನಗಣತಿಯ ಪ್ರಕಾರ 1971ರಲ್ಲಿ ಸುಮಾರು 16.5 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1981ರ ವೇಳೆಗೆ ಸುಮಾರು 29 ಲಕ್ಷಕ್ಕೆ ಏರಿತ್ತು. ಕಾರ್ಖಾನೆಗಳೂ ಹೊಸ ಬಡಾವಣೆಗಳೂ ಬೆಳೆದ ಆ ದಶಕದಲ್ಲಿ ಹಳ್ಳಿಗಳಿಂದ ಮತ್ತು ಸಣ್ಣ ಊರುಗಳಿಂದ ಬಂದ ಅನೇಕ ಯುವಕರಿಗೆ ಆಟೋ ಓಡಿಸುವುದು ಕೈಗೆಟಕುವ ಜೀವನೋಪಾಯವಾಗಿತ್ತು. ಸ್ವಂತ ಗಾಡಿಯಿಲ್ಲದವರು ಮಾಲೀಕರಿಗೆ ದಿನಬಾಡಿಗೆ ಕಟ್ಟಿ, ಉಳಿದದ್ದರಲ್ಲಿ ಸಂಸಾರ ತೂಗಿಸುತ್ತಿದ್ದರು. ಚೌಕಾಸಿ, ಮೀಟರಿನ ಜಗಳ, ಸಂಚಾರ ಪೊಲೀಸರ ದಂಡ ಇವುಗಳ ನಡುವೆ ದಿನ ಕಳೆಯುವ ಈ ವೃತ್ತಿಗೆ ಸಮಾಜದಲ್ಲಿ ವಿಶೇಷ ಗೌರವವಿರಲಿಲ್ಲ. ಖಾಕಿ ಅಂಗಿ ತೊಟ್ಟ ಚಾಲಕನೇ ಕಥಾನಾಯಕನಾದದ್ದು, ಅದೂ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ನಟನೊಬ್ಬ ಆ ಅಂಗಿಯನ್ನು ತೊಟ್ಟದ್ದು, ಚಾಲಕರ ಮನಸ್ಸಿನಲ್ಲಿ ಉಳಿಯಿತು.

ಇತರ ಪ್ರಮುಖ ಚಿತ್ರಗಳು

'ಜನ್ಮ ಜನ್ಮದ ಅನುಬಂಧ' (1980) ಮತ್ತು 'ಗೀತಾ' (1981) ಶಂಕರ್ ನಾಗ್ ನಿರ್ದೇಶನದ ಮುಂದಿನ ಚಿತ್ರಗಳು. ಎರಡಕ್ಕೂ ಇಳಯರಾಜ ಸಂಗೀತ ನೀಡಿದರು. ರಕ್ತದ ಕ್ಯಾನ್ಸರಿಗೆ ತುತ್ತಾದ ಯುವತಿಯ ಪ್ರೇಮಕಥೆಯಾದ 'ಗೀತಾ' ಬಿಡುಗಡೆಯಾದಾಗಿನಿಂದ ಇಂದಿನವರೆಗೂ ತನ್ನ ಹಾಡುಗಳಿಂದಾಗಿ ಕನ್ನಡಿಗರಿಗೆ ಪರಿಚಿತ. ವಿಷ್ಣುವರ್ಧನ್ ಅವರೊಂದಿಗೆ 'ಕಾರ್ಮಿಕ ಕಳ್ಳನಲ್ಲ' (1982), ರಾಜ್‌ಕುಮಾರ್ ಅವರೊಂದಿಗೆ 'ಅಪೂರ್ವ ಸಂಗಮ' (1984) ಚಿತ್ರಗಳಲ್ಲಿ ನಟಿಸಿದರು. ರಾಜ್‌ಕುಮಾರ್ ನಾಯಕತ್ವದ 'ಒಂದು ಮುತ್ತಿನ ಕಥೆ' (1987) ಚಿತ್ರವನ್ನು ನಿರ್ದೇಶಿಸಿದರು. ಮುತ್ತು ಹೆಕ್ಕುವ ಬೆಸ್ತನ ಕಥೆಯ ಈ ಚಿತ್ರದಲ್ಲಿನ ನೀರಿನಾಳದ ದೃಶ್ಯಗಳು ಕನ್ನಡಕ್ಕೆ ಹೊಸತಾಗಿದ್ದವು. ಪೊಲೀಸ್ ಅಧಿಕಾರಿಯ ಪಾತ್ರದ 'ಸಾಂಗ್ಲಿಯಾನ' (1988) ಅವರ ಅತ್ಯಂತ ಯಶಸ್ವಿ ಚಿತ್ರಗಳಲ್ಲಿ ಒಂದು. 1990ರಲ್ಲಿ ಅದರ ಎರಡನೆಯ ಭಾಗವೂ ಬಂದಿತು.

ಆಕ್ಸಿಡೆಂಟ್

'ಆಕ್ಸಿಡೆಂಟ್' ಶಂಕರ್ ನಾಗ್ ಅವರ ನಿರ್ದೇಶನದ ಚಿತ್ರಗಳಲ್ಲಿ ವಿಮರ್ಶಕರ ಹೆಚ್ಚಿನ ಮೆಚ್ಚುಗೆಗೆ ಪಾತ್ರವಾದ ಕೃತಿ. ಅನಂತ್ ನಾಗ್, ಅರುಂಧತಿ ನಾಗ್, ರಮೇಶ್ ಭಟ್ ಮತ್ತು ಸ್ವತಃ ಶಂಕರ್ ನಾಗ್ ಇದರಲ್ಲಿ ನಟಿಸಿದ್ದಾರೆ. ಪ್ರಭಾವಿ ರಾಜಕಾರಣಿಯ ಮಗನೊಬ್ಬ ರಾತ್ರಿ ಅಮಲಿನಲ್ಲಿ ಕಾರು ಓಡಿಸಿ, ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಅಧಿಕಾರ ಮತ್ತು ಹಣದ ಬಲದಿಂದ ಪ್ರಕರಣವನ್ನು ಮುಚ್ಚಿಹಾಕುವ ಯತ್ನಗಳು ನಡೆಯುತ್ತವೆ. ಸತ್ಯವನ್ನು ಹೊರತರಲು ಹೊರಟ ಪತ್ರಕರ್ತನ ಪಾತ್ರವನ್ನು ಶಂಕರ್ ನಾಗ್ ನಿರ್ವಹಿಸಿದರು. 1984ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಾಮಾಜಿಕ ವಿಷಯಗಳ ಕುರಿತ ಅತ್ಯುತ್ತಮ ಚಿತ್ರವೆಂದು ಇದು ಗೌರವ ಪಡೆಯಿತು.

ಹಾಡುಗಳಿಲ್ಲದ ಈ ಚಿತ್ರವು ಕಾರಿನ ಇನ್ನೊಂದು ಮುಖವನ್ನು ತೋರಿಸಿತು. ಜನಪ್ರಿಯ ಚಿತ್ರಗಳಲ್ಲಿ ವೇಗವು ನಾಯಕನ ಶೌರ್ಯದ ಅಂಗವಾಗಿದ್ದ ಕಾಲದಲ್ಲಿ, ಅದೇ ವೇಗಕ್ಕೆ ಬಲಿಯಾಗುವವರು ಯಾರು, ಅವರ ಪರವಾಗಿ ಸಾಕ್ಷಿ ನುಡಿಯುವವರು ಯಾರು ಎಂಬ ಪ್ರಶ್ನೆಯನ್ನು ಅದು ಎತ್ತಿತು. ನಂತರದ ದಶಕಗಳಲ್ಲಿ ದೇಶದ ಮಹಾನಗರಗಳಲ್ಲಿ ಇಂತಹುದೇ ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲೇರಿದಾಗ ಚಿತ್ರದ ವಸ್ತು ಮತ್ತೆ ಮತ್ತೆ ಪ್ರಸ್ತುತವೆನಿಸಿದೆ.

ಮಾಲ್ಗುಡಿ ಡೇಸ್

1986ರಲ್ಲಿ ದೂರದರ್ಶನದಲ್ಲಿ ಪ್ರಸಾರ ಆರಂಭಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಟಿ. ಎಸ್. ನರಸಿಂಹನ್ ನಿರ್ಮಿಸಿದರು. ಮೈಸೂರಿನಲ್ಲಿ ನೆಲೆಸಿದ್ದ ಲೇಖಕ ಆರ್. ಕೆ. ನಾರಾಯಣ್ ಸೃಷ್ಟಿಸಿದ ಮಾಲ್ಗುಡಿ ಎಂಬ ಕಾಲ್ಪನಿಕ ಊರನ್ನು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಕಟ್ಟಲಾಯಿತು. ಎಸ್. ರಾಮಚಂದ್ರ ಛಾಯಾಗ್ರಹಣ, ಜಾನ್ ದೇವರಾಜ್ ಕಲಾ ನಿರ್ದೇಶನ, ಎಲ್. ವೈದ್ಯನಾಥನ್ ಸಂಗೀತದ ಹೊಣೆ ಹೊತ್ತರು. ಶೀರ್ಷಿಕೆಯ ರೇಖಾಚಿತ್ರಗಳು ಲೇಖಕರ ಸಹೋದರ ಆರ್. ಕೆ. ಲಕ್ಷ್ಮಣ್ ಅವರವು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್ ನಟಿಸಿದರು.

ಸ್ವಾತಂತ್ರ್ಯಪೂರ್ವ ಕಾಲದ ಸಣ್ಣ ಊರಿನ ಬದುಕನ್ನು ಚಿತ್ರಿಸುವ ಈ ಕಥೆಗಳಲ್ಲಿ ಮೋಟಾರು ವಾಹನ ಒಂದು ಅಪರೂಪದ ಅತಿಥಿ. ಧಾರಾವಾಹಿಗೆ ಆಯ್ದುಕೊಂಡ ಹಲವು ಕಥೆಗಳಲ್ಲಿ ಯಂತ್ರ ಊರಿಗೆ ಬಂದಾಗ ಆಗುವ ಗೊಂದಲವೇ ಹಾಸ್ಯದ ಮೂಲ. 'ಎಂಜಿನ್ ಟ್ರಬಲ್' ಕಥೆಯಲ್ಲಿ ಜಾತ್ರೆಯ ಲಾಟರಿಯಲ್ಲಿ ರಸ್ತೆ ಸಮತಟ್ಟು ಮಾಡುವ ದೊಡ್ಡ ರೋಲರ್ ಗೆದ್ದವನಿಗೆ ಆ ಬಹುಮಾನವೇ ತಲೆನೋವಾಗುತ್ತದೆ; ಅದನ್ನು ಕದಲಿಸಲು ದೇವಸ್ಥಾನದ ಆನೆಯನ್ನು ಕರೆಸಬೇಕಾಗುತ್ತದೆ. 'ಎ ಹಾರ್ಸ್ ಅಂಡ್ ಟೂ ಗೋಟ್ಸ್' ಕಥೆಯಲ್ಲಿ ಪೆಟ್ರೋಲ್ ಮುಗಿದು ನಿಂತ ವಾಹನದಿಂದ ಇಳಿದ ವಿದೇಶಿ ಪ್ರವಾಸಿಗೂ ಹಳ್ಳಿಯ ಮುದುಕನಿಗೂ ಪರಸ್ಪರ ಅರ್ಥವಾಗದ ಭಾಷೆಯಲ್ಲಿ ವ್ಯಾಪಾರ ನಡೆಯುತ್ತದೆ. 'ಓಲ್ಡ್ ಮ್ಯಾನ್ ಆಫ್ ದಿ ಟೆಂಪಲ್' ಕಥೆಯಲ್ಲಿ ರಾತ್ರಿಯ ಹಾದಿಯಲ್ಲಿ ಪಾಳು ದೇಗುಲದ ಬಳಿ ಟ್ಯಾಕ್ಸಿ ನಿಂತುಬಿಡುತ್ತದೆ. ಇಲ್ಲೆಲ್ಲ ವಾಹನದ ಆಕರ್ಷಣೆ ಇರುವುದು ಅದರ ವೇಗದಲ್ಲಲ್ಲ, ಅದು ಕೆಟ್ಟು ನಿಂತಾಗ ಮನುಷ್ಯರ ನಡುವೆ ಏನಾಗುತ್ತದೆ ಎಂಬುದರಲ್ಲಿ.

ಧಾರಾವಾಹಿಯ ಚಿತ್ರೀಕರಣ ನಡೆದ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ನೈಋತ್ಯ ರೈಲ್ವೆಯು ದುರಸ್ತಿಗೊಳಿಸಿ, 2020ರಲ್ಲಿ 'ಮಾಲ್ಗುಡಿ ವಸ್ತುಸಂಗ್ರಹಾಲಯ'ವಾಗಿ ತೆರೆದಿದೆ.

ರಂಗಭೂಮಿ ಮತ್ತು ಸಂಕೇತ್

ಚಲನಚಿತ್ರಗಳಲ್ಲಿ ಬಿಡುವಿಲ್ಲದಿದ್ದಾಗಲೂ ಶಂಕರ್ ನಾಗ್ ರಂಗಭೂಮಿಯನ್ನು ಬಿಡಲಿಲ್ಲ. ಅರುಂಧತಿ ಅವರೊಂದಿಗೆ 'ಸಂಕೇತ್' ನಾಟಕ ತಂಡವನ್ನು ಬೆಂಗಳೂರಿನಲ್ಲಿ ಕಟ್ಟಿದರು. 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾ ಛಾಯಾ', 'ನೋಡಿ ಸ್ವಾಮಿ ನಾವಿರೋದು ಹೀಗೆ', 'ನಾಗಮಂಡಲ' ಈ ತಂಡದ ಮುಖ್ಯ ಪ್ರಯೋಗಗಳು. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದರಾಸಿಗೆ ಹೋಗಬೇಕಾಗಿದ್ದ ಪರಿಸ್ಥಿತಿಯನ್ನು ಬದಲಿಸುವ ಉದ್ದೇಶದಿಂದ ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಕೇಂದ್ರವನ್ನೂ ಸ್ಥಾಪಿಸಿದರು.

ನಗರ ಸಾರಿಗೆಯಲ್ಲಿ ಆಸಕ್ತಿ

ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂಬ ಆಲೋಚನೆಯನ್ನು 1980ರ ದಶಕದಲ್ಲೇ ಮುಂದಿಟ್ಟವರಲ್ಲಿ ಶಂಕರ್ ನಾಗ್ ಒಬ್ಬರು. ನಂದಿ ಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಕಡಿಮೆ ವೆಚ್ಚದ ಮನೆಗಳು ಮುಂತಾದ ವಿಷಯಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಆಗ ದೇಶದಲ್ಲಿ ಕಲ್ಕತ್ತೆಯಲ್ಲಿ ಮಾತ್ರ, 1984ರಿಂದ, ಮೆಟ್ರೋ ಓಡುತ್ತಿತ್ತು. ಬೆಂಗಳೂರಿನ 'ನಮ್ಮ ಮೆಟ್ರೋ' ಸಂಚಾರ ಆರಂಭವಾದದ್ದು 2011ರ ಅಕ್ಟೋಬರ್ 20ರಂದು. ಸುರಂಗ ಮಾರ್ಗ ತೆರೆದದ್ದು 2016ರಲ್ಲಿ. ಮೆಟ್ರೋಗೆ ಶಂಕರ್ ನಾಗ್ ಅವರ ಹೆಸರಿಡಬೇಕೆಂದು ಅಭಿಮಾನಿಗಳು ಕೋರಿದ್ದುಂಟು.

ನಿಧನ

1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಚಿತ್ರದ ಚಿತ್ರೀಕರಣಕ್ಕಾಗಿ ಪ್ರಯಾಣಿಸುತ್ತಿದ್ದಾಗ, ದಾವಣಗೆರೆಯ ಬಳಿಯ ಆನಗೋಡು ಗ್ರಾಮದ ಸಮೀಪ ಅವರ ಕಾರು ಅಪಘಾತಕ್ಕೀಡಾಯಿತು. ಶಂಕರ್ ನಾಗ್ ಮೃತಪಟ್ಟರು. ಜೊತೆಯಲ್ಲಿದ್ದ ಪತ್ನಿ ಅರುಂಧತಿ ಮತ್ತು ಮಗಳು ಬದುಕುಳಿದರು. ಬೆಂಗಳೂರನ್ನು ಪುಣೆಗೆ ಜೋಡಿಸುವ ಅಂದಿನ ರಾಷ್ಟ್ರೀಯ ಹೆದ್ದಾರಿ 4ರಲ್ಲಿ ಆನಗೋಡು ಇದೆ. ಎದುರುಬದುರಾಗಿ ಬರುವ ವಾಹನಗಳ ನಡುವೆ ವಿಭಜಕವಿಲ್ಲದ ಹಾದಿ ಅದಾಗಿತ್ತು. ಇಂದು ಹೆದ್ದಾರಿ 48 ಎನ್ನಲಾಗುವ ಈ ರಸ್ತೆಯು ಚತುಷ್ಪಥವಾದದ್ದು ಸುವರ್ಣ ಚತುಷ್ಕೋನ ಯೋಜನೆ ಬಂದ ನಂತರ. 'ಸುಂದರಕಾಂಡ' (1991) ಸೇರಿದಂತೆ ಅವರು ನಟಿಸಿದ ಕೆಲವು ಚಿತ್ರಗಳು ಮರಣಾನಂತರ ಬಿಡುಗಡೆಯಾದವು.

ಆಟೋ ಚಾಲಕರು ಮತ್ತು ಶಂಕರ್ ನಾಗ್

ಚಲನಚಿತ್ರ ಮತ್ತು ದೂರದರ್ಶನದ ವಾಹನಗಳು ಜನಮನದಲ್ಲಿ ನೆಲೆನಿಂತ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. 1964ರ 'ಗೋಲ್ಡ್‌ಫಿಂಗರ್' ಚಿತ್ರದ ಆಸ್ಟನ್ ಮಾರ್ಟಿನ್ ಡಿಬಿ5, 1966ರ 'ಬ್ಯಾಟ್‌ಮ್ಯಾನ್' ಧಾರಾವಾಹಿಯ ಬ್ಯಾಟ್‌ಮೊಬೈಲ್, 1982ರಲ್ಲಿ ಆರಂಭವಾದ 'ನೈಟ್ ರೈಡರ್' ಧಾರಾವಾಹಿಯ ಮಾತನಾಡುವ ಕಾರು ಇವುಗಳಲ್ಲಿ ಪ್ರಸಿದ್ಧ. ಇಂತಹ ಕಾರುಗಳನ್ನು ಸಂಗ್ರಾಹಕರು ಭಾರೀ ಬೆಲೆ ತೆತ್ತು ಕೊಳ್ಳುತ್ತಾರೆ. ಬ್ಯಾಟ್‌ಮೊಬೈಲ್ 2013ರ ಹರಾಜಿನಲ್ಲಿ 40 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ಕರ್ನಾಟಕದಲ್ಲಿ 'ಆಟೋ ರಾಜ' ಚಿತ್ರದ ವಾಹನಕ್ಕೆ ದೊರೆತ ಪ್ರೀತಿಯ ಬಗೆ ಬೇರೆ. ಆ ಕಾರುಗಳಲ್ಲಿ ಮೆಚ್ಚುಗೆ ಒಂದು ನಿರ್ದಿಷ್ಟ ವಾಹನಕ್ಕೆ ಸಲ್ಲುತ್ತದೆ. ಅದರಂತಹುದು ಇನ್ನೊಂದಿಲ್ಲ ಎಂಬುದೇ ಅದರ ಬೆಲೆ. ಆಟೋ ಎಲ್ಲೆಡೆ ಇರುವ ವಾಹನ. ಪರದೆಯ ಮೇಲಿನ ಆಟೋಗೂ ನಿಲ್ದಾಣದಲ್ಲಿ ಸಾಲುಗಟ್ಟಿದ ಆಟೋಗೂ ವ್ಯತ್ಯಾಸವಿಲ್ಲದ್ದರಿಂದ, ಚಿತ್ರ ನೋಡಿ ಹೊರಬಂದ ಚಾಲಕನಿಗೆ ತನ್ನ ಗಾಡಿಯೇ ಚಿತ್ರದ ಗಾಡಿಯಾಯಿತು. ಹೀಗಾಗಿ ಚಿತ್ರದ ನೆನಪು ಒಂದು ವಸ್ತುಸಂಗ್ರಹಾಲಯದಲ್ಲಿ ಉಳಿಯದೆ, ದಿನನಿತ್ಯ ಓಡುವ ಗಾಡಿಗಳ ಮೇಲೆ ಉಳಿದುಬಂದಿದೆ. ಹಿಂಬದಿಯ ಹೊದಿಕೆಯ ಮೇಲೆ ಬಣ್ಣದಲ್ಲಿ ಬರೆಸಿದ ಅಥವಾ ಅಂಟಿಸಿದ ಶಂಕರ್ ನಾಗ್ ಚಿತ್ರ, ಗಾಜಿನ ಮೇಲೆ ಅವರ ಹೆಸರು, ಬೆಂಗಳೂರಿನ ಅನೇಕ ಕಡೆ ಕಾಣುವ 'ಶಂಕರ್ ನಾಗ್ ಆಟೋ ನಿಲ್ದಾಣ' ಎಂಬ ಫಲಕಗಳು ಇದಕ್ಕೆ ಸಾಕ್ಷಿ. ಅವರ ಜನ್ಮದಿನವಾದ ನವೆಂಬರ್ 9 ಕನ್ನಡ ರಾಜ್ಯೋತ್ಸವದ ತಿಂಗಳಿನಲ್ಲಿಯೇ ಬರುವುದರಿಂದ, ಚಾಲಕರು ಆಟೋಗಳನ್ನು ಸಿಂಗರಿಸಿ ಎರಡನ್ನೂ ಒಟ್ಟಿಗೆ ಆಚರಿಸುವುದುಂಟು.

ಈ ಅಭಿಮಾನಕ್ಕೆ ಒಂದೇ ಚಿತ್ರವನ್ನು ಕಾರಣವಾಗಿ ಹೇಳಲಾಗದು. ಶಂಕರ್ ನಾಗ್ ಮುಂದೆಯೂ ದುಡಿಯುವ ವರ್ಗದ ಯುವಕರ ಪಾತ್ರಗಳನ್ನು ಮಾಡಿದರು. ಹಗಲಿರುಳು ದುಡಿಯುವವರೆಂಬ ಹೆಸರು ಅವರಿಗಿತ್ತು. ಚಾಲಕರು ದಿನವೂ ಎದುರಿಸುವ ರಸ್ತೆಯ ಅಪಾಯಕ್ಕೇ, ಕೆಲಸಕ್ಕೆ ಹೋಗುವ ಹಾದಿಯಲ್ಲಿ, ಅವರೂ ಬಲಿಯಾದರು. ಅವರ ನಿಧನದ ನಂತರ ಹುಟ್ಟಿದ ತಲೆಮಾರಿನ ಚಾಲಕರೂ ಅವರ ಚಿತ್ರವನ್ನು ಗಾಡಿಯ ಮೇಲೆ ಹಾಕಿಸಿಕೊಳ್ಳುತ್ತಾರೆ. ಆಟೋ ಇಂದು ಮಹಾನಗರಗಳ ವಾಹನವಷ್ಟೇ ಅಲ್ಲ, ತಿ. ನರಸೀಪುರ, ಬನ್ನೂರುಗಳಿಂದ ಸೋಮನಾಥಪುರಕ್ಕೆ ಹೋಗುವಂತಹ ಹಳ್ಳಿಯ ಹಾದಿಗಳಲ್ಲಿಯೂ ಬಸ್ ತಪ್ಪಿದವರಿಗೆ ಅದೇ ಆಸರೆ.

ಆಟೋ ಚಾಲಕನನ್ನು ನಾಯಕನನ್ನಾಗಿಸುವ ಪರಂಪರೆ ದಕ್ಷಿಣ ಭಾರತದ ಚಿತ್ರಗಳಲ್ಲಿ ಮುಂದುವರಿಯಿತು. ರಜನೀಕಾಂತ್ ನಟಿಸಿದ ತಮಿಳಿನ 'ಬಾಷಾ' (1995) ಇದರ ಪ್ರಸಿದ್ಧ ಉದಾಹರಣೆ. ಕನ್ನಡದಲ್ಲಿ ಗಣೇಶ್ ಅಭಿನಯದ, 'ಆಟೋ ರಾಜ' ಎಂಬ ಅದೇ ಶೀರ್ಷಿಕೆಯ ಚಿತ್ರ 2013ರಲ್ಲಿ ತೆರೆಕಂಡಿತು.

ಸ್ಮರಣೆ

ಅಪಘಾತದ ಗಾಯಗಳಿಂದ ಚೇತರಿಸಿಕೊಂಡ ಅರುಂಧತಿ ನಾಗ್, ಶಂಕರ್ ಅವರ ನೆನಪಿನಲ್ಲಿ ಬೆಂಗಳೂರಿನ ಜೆ. ಪಿ. ನಗರದಲ್ಲಿ 'ರಂಗಶಂಕರ' ರಂಗಮಂದಿರವನ್ನು ಕಟ್ಟಿಸಿದರು. 2004ರಲ್ಲಿ ಆರಂಭವಾದ ಈ ರಂಗಮಂದಿರದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ನಾಟಕಗಳು ನಿರಂತರವಾಗಿ ಪ್ರದರ್ಶನಗೊಳ್ಳುತ್ತಿವೆ. ಅನಂತ್ ನಾಗ್ ತಮ್ಮನ ಕುರಿತು 'ನನ್ನ ತಮ್ಮ ಶಂಕರ' ಎಂಬ ಪುಸ್ತಕವನ್ನು ಬರೆದಿದ್ದಾರೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಚಿತ್ರಮಂದಿರವೊಂದಕ್ಕೆ ಅವರ ಹೆಸರನ್ನಿಡಲಾಗಿತ್ತು.

ಆಯ್ದ ಚಿತ್ರಗಳು

ನಿರ್ದೇಶಕರಾಗಿ
- ಮಿಂಚಿನ ಓಟ (1980)
- ಜನ್ಮ ಜನ್ಮದ ಅನುಬಂಧ (1980)
- ಗೀತಾ (1981)
- ಆಕ್ಸಿಡೆಂಟ್ (1985)
- ಮಾಲ್ಗುಡಿ ಡೇಸ್ (ದೂರದರ್ಶನ ಧಾರಾವಾಹಿ, 1986)
- ಒಂದು ಮುತ್ತಿನ ಕಥೆ (1987)

ನಟರಾಗಿ
- ಒಂದಾನೊಂದು ಕಾಲದಲ್ಲಿ (1978)
- ಸೀತಾರಾಮು (1979)
- ಆಟೋ ರಾಜ (1980)
- ಕಾರ್ಮಿಕ ಕಳ್ಳನಲ್ಲ (1982)
- ಅಪೂರ್ವ ಸಂಗಮ (1984)
- ಸಾಂಗ್ಲಿಯಾನ (1988)
- ಸಿಬಿಐ ಶಂಕರ್ (1989)
- ತರ್ಕ (1989)
- ಎಸ್. ಪಿ. ಸಾಂಗ್ಲಿಯಾನ ಭಾಗ 2 (1990)
- ಸುಂದರಕಾಂಡ (1991)